ಚೀಟಿಯ ಪೆಟ್ಟಿಗೆ, ಬೆಲೆಯ ಅಳತೆಗೋಲು ಮತ್ತು ಅಧ್ಯಾಪಕ ವೃತ್ತಿ
— ಅರ್ವಿಂಗ್ ಫಿಷರ್ ಅವರ ಜೀವನ ಕುರಿತ ಒಂದು ಅಭ್ಯಾಸ ಲೇಖನ

ವರ್ಷಾಂತ್ಯದ ಬಹುಮಾನ ವಿತರಣಾ ಸಮಾರಂಭದಲ್ಲಿ ದತ್ತಿ ಬಹುಮಾನಗಳ ಪಟ್ಟಿಯನ್ನು ಓದುವ ಹೊತ್ತಿಗೆ ಹಿರಿಯ ಅಧ್ಯಾಪಕರ ಮುಖದಲ್ಲಿ ಒಂದು ಬಗೆಯ ಸಂಕೋಚ ಮೂಡುವುದನ್ನು ಹಳೆಯ ವಿದ್ಯಾರ್ಥಿಗಳು ಗಮನಿಸಿರಬಹುದು. ಐವತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ತಮ್ಮ ತಂದೆಯವರ ಸ್ಮರಣಾರ್ಥ ಒಂದು ಮೊತ್ತವನ್ನು ಶ್ರೀಮಠದ ಶಾಲೆಗೆ ಅರ್ಪಿಸಿದರು. ಅದರ ಬಡ್ಡಿಯಿಂದ ಒಬ್ಬ ಬಡ ವಿದ್ಯಾರ್ಥಿಗೆ ವರ್ಷದ ಪುಸ್ತಕಗಳೂ ಒಂದು ಜೊತೆ ಬಟ್ಟೆಯೂ ದೊರೆಯಲಿ ಎಂಬುದು ಅವರ ಸಂಕಲ್ಪ. ಇಂದು ಆ ಬಡ್ಡಿಗೆ ಒಂದು ನೋಟುಬುಕ್ಕು ದೊರೆತರೆ ಹೆಚ್ಚು. ಮೂಲಧನದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಲೆಕ್ಕಪರಿಶೋಧಕರ ಸಹಿ ಪ್ರತಿವರ್ಷವೂ ತಪ್ಪದೆ ಬಿದ್ದಿದೆ, ಯಾರೂ ಕದ್ದಿಲ್ಲ. ಆದರೂ ದತ್ತಿ ಕರಗಿಹೋಗಿದೆ. ಹೋದದ್ದು ಎಲ್ಲಿಗೆ?

ಈ ಪ್ರಶ್ನೆಗೆ ಬದುಕಿನ ಬಹುಭಾಗವನ್ನು ಸವೆಸಿದ ಒಬ್ಬ ಅಧ್ಯಾಪಕರ ಪರಿಚಯ ಮಾಡಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ರಾಜಕೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ವಿಂಗ್ ಫಿಷರ್ ಎಂಬವರೇ ಅವರು. ಸಂಶೋಧನೆ, ಮಾಹಿತಿಯನ್ನು ಜೋಡಿಸಿಡುವ ಯಂತ್ರವಿದ್ಯೆ, ಅಧ್ಯಾಪನ ಎಂಬ ಮೂರು ಕಸುಬುಗಳನ್ನು ಒಂದೇ ಬದುಕಿನಲ್ಲಿ ನಡೆಸಿದವರು. ಇಂದು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅರ್ಥಶಾಸ್ತ್ರ ಓದಿ, ಗಣಕಯಂತ್ರಗಳಲ್ಲಿ ದತ್ತಾಂಶದ ಕೋಶಗಳನ್ನು ಕಟ್ಟುತ್ತ, ಬಿಡುವಿನಲ್ಲಿ ಪಾಠವನ್ನೂ ಹೇಳುತ್ತಿರುವರೆಂದು ಕೇಳಿದ್ದೇವೆ. ಇದು ಹೊಸ ಕಾಲದ ವಿಚಿತ್ರ ವೃತ್ತಿಯೆಂದು ಹುಬ್ಬೇರಿಸುವವರಿಗೆ, ಗಣಕಯಂತ್ರ ಹುಟ್ಟುವ ಮುನ್ನವೇ ಈ ದಾರಿಯನ್ನು ತುಳಿದವರಿದ್ದರು ಎಂಬುದು ತಿಳಿದಿರಲಿ.

ಫಿಷರ್ ಜನಿಸಿದುದು 1867ರಲ್ಲಿ, ನ್ಯೂಯಾರ್ಕ್ ಪ್ರಾಂತದ ಸಾಗರ್ಟೀಸ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಧರ್ಮೋಪದೇಶಕರು. ಮಗ 1884ರಲ್ಲಿ ಯೇಲ್‌ಗೆ ಹೊರಟು ನಿಂತ ಸಮಯಕ್ಕೆ ತಂದೆ ಕ್ಷಯರೋಗದಿಂದ ತೀರಿಕೊಂಡರು. ತಾಯಿ ಮತ್ತು ತಮ್ಮನ ಹೊಣೆ ಹದಿನೇಳರ ಹುಡುಗನ ಹೆಗಲಿಗೆ ಬಿತ್ತು. ಸಹಪಾಠಿಗಳಿಗೆ ಮನೆಪಾಠ ಹೇಳಿ, ಬಹುಮಾನಗಳನ್ನು ಗೆದ್ದು ಓದು ಮುಂದುವರಿಸಿದರು. ಗಣಿತದಲ್ಲಿ ಅವರಿಗೆ ದೊರೆತ ಗುರು ಜೋಸಯಾ ವಿಲ್ಲರ್ಡ್ ಗಿಬ್ಸ್. ಸಮಾಜಶಾಸ್ತ್ರದಲ್ಲಿ ವಿಲಿಯಂ ಗ್ರಹಾಂ ಸಮ್ನರ್. ಗಣಿತವನ್ನೂ ಅರ್ಥಶಾಸ್ತ್ರವನ್ನೂ ಬೆರೆಸಿ ಪ್ರಬಂಧ ಬರೆಯಲು ಸೂಚಿಸಿದವರು ಸಮ್ನರ್. 1891ರಲ್ಲಿ ಸಿದ್ಧವಾದ ಆ ಪ್ರಬಂಧದಲ್ಲಿ ಒಂದು ಯಂತ್ರದ ವರ್ಣನೆ ಇತ್ತು. ನೀರಿನ ತೊಟ್ಟಿ, ಅದರಲ್ಲಿ ತೇಲುವ ಪಾತ್ರೆಗಳು, ಅವನ್ನು ಒಂದಕ್ಕೊಂದು ಬಿಗಿದ ಸನ್ನೆಗಳು. ಒಂದು ಕಡೆ ನೀರು ಏರಿಸಿದರೆ ಉಳಿದೆಲ್ಲ ಪಾತ್ರೆಗಳಲ್ಲಿಯೂ ಮಟ್ಟ ತಾನಾಗಿ ಹೊಂದಿಕೊಂಡು ಹೊಸ ಬೆಲೆಗಳನ್ನು ತೋರಿಸುವುದು. ಎರಡು ವರ್ಷದ ಬಳಿಕ ಅವರು ಅದನ್ನು ನಿಜವಾಗಿಯೇ ಕಟ್ಟಿಸಿ ತರಗತಿಯಲ್ಲಿ ಬಳಸಿದರು. ಒಂದು ಪದಾರ್ಥದ ಬೆಲೆ ಬದಲಾದರೆ ಉಳಿದ ಪದಾರ್ಥಗಳ ಬೆಲೆಗಳೆಲ್ಲ ಹೇಗೆ ಅಲುಗುತ್ತವೆ ಎಂಬುದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ತೋರಿಸಲು ಹೆಣಗಿದ ಅಧ್ಯಾಪಕರಿಗೆ ಆ ತೊಟ್ಟಿಯ ಬೆಲೆ ತಿಳಿಯುತ್ತದೆ.

ಆರಂಭದಲ್ಲಿ ಗಣಿತದ ಬೋಧಕರಾಗಿದ್ದ ಫಿಷರ್ 1895ರಲ್ಲಿ ರಾಜಕೀಯ ಅರ್ಥಶಾಸ್ತ್ರ ವಿಭಾಗಕ್ಕೆ ಬಂದರು. 1898ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. 'ರಾಜಕೀಯ' ಎಂಬ ವಿಶೇಷಣವನ್ನು ಕಂಡು ಇದು ಚುನಾವಣೆಯ ವಿಷಯವೆಂದು ತಿಳಿಯಬೇಕಾಗಿಲ್ಲ. ಒಂದು ನಾಡಿನ ಜನ ಹೇಗೆ ದುಡಿಯುತ್ತಾರೆ, ದುಡಿದದ್ದು ಯಾರ ಯಾರ ಪಾಲಿಗೆ ಹೇಗೆ ಹಂಚಿಹೋಗುತ್ತದೆ, ಕಾನೂನೂ ನಾಣ್ಯವೂ ಆ ಹಂಚಿಕೆಯನ್ನು ಹೇಗೆ ತಿರುಗಿಸುತ್ತವೆ ಎಂಬ ವಿಚಾರಣೆಗೆ ಆಗ ಅದೇ ಹೆಸರು. ಇದು ಸುಮ್ಮನೆ ಹೆಸರಿನ ಮಾತಲ್ಲ. ನಾಣ್ಯದ ಬೆಲೆ ಬದಲಾದರೆ ಸಾಲ ಕೊಟ್ಟವನಿಂದ ಸಾಲಗಾರನಿಗೆ, ಅಥವಾ ಸಾಲಗಾರನಿಂದ ಸಾಹುಕಾರನಿಗೆ, ಯಾವ ನ್ಯಾಯಾಲಯದ ಆಜ್ಞೆಯೂ ಇಲ್ಲದೆ ಸಂಪತ್ತು ವರ್ಗಾವಣೆಯಾಗುತ್ತದೆ. ಫಿಷರ್ ಅವರನ್ನು ಕಾಡಿದ್ದು ಈ ಸದ್ದಿಲ್ಲದ ವರ್ಗಾವಣೆ.

ಇಲ್ಲಿ ನಮ್ಮ ದೇಶದ ಸಂಬಂಧವೊಂದು ಬರುತ್ತದೆ. 1896ರಲ್ಲಿ ಅವರು ಪ್ರಕಟಿಸಿದ ಬಡ್ಡಿಯ ಕುರಿತ ಪುಸ್ತಕದಲ್ಲಿ ತಮ್ಮ ವಾದಕ್ಕೆ ಆಧಾರವಾಗಿ ಬಳಸಿಕೊಂಡ ಮುಖ್ಯ ಅಂಕಿಅಂಶಗಳಲ್ಲಿ ಭಾರತ ಸರಕಾರದ ಸಾಲಪತ್ರಗಳೂ ಸೇರಿದ್ದವು. ಆಗ ಲಂಡನ್ನಿನ ಮಾರುಕಟ್ಟೆಯಲ್ಲಿ ಭಾರತ ಸರಕಾರದ ಎರಡು ಬಗೆಯ ಸಾಲಪತ್ರಗಳು ಮಾರಾಟವಾಗುತ್ತಿದ್ದವು. ಒಂದು ಚಿನ್ನದ ನಾಣ್ಯದಲ್ಲಿ, ಎಂದರೆ ಪೌಂಡುಗಳಲ್ಲಿ ಬಡ್ಡಿ ಕೊಡುವುದು. ಇನ್ನೊಂದು ಬೆಳ್ಳಿಯ ರೂಪಾಯಿಯಲ್ಲಿ ಬಡ್ಡಿ ಕೊಡುವುದು. ಸಾಲಗಾರ ಒಬ್ಬನೇ, ಭರವಸೆಯೂ ಒಂದೇ. ಹಾಗಿದ್ದ ಮೇಲೆ ಎರಡರ ಪ್ರತಿಫಲವೂ ಸಮನಾಗಿರಬೇಡವೇ? ಆಗಿರಲಿಲ್ಲ. 1870ರ ದಶಕದ ಆರಂಭದಲ್ಲಿ 2 ಶಿಲಿಂಗಿಗೆ ಹತ್ತಿರವಿದ್ದ ನಮ್ಮ ರೂಪಾಯಿ, ಬೆಳ್ಳಿಯ ಬೆಲೆ ಕುಸಿದಂತೆಲ್ಲ ಜಾರುತ್ತ, 1890ರ ದಶಕದ ನಡುವಿನ ಹೊತ್ತಿಗೆ 1 ಶಿಲಿಂಗು 1 ಪೆನ್ನಿಯ ಆಸುಪಾಸಿಗೆ ಬಂದಿತ್ತು. 1893ರಲ್ಲಿ ಸರಕಾರ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಗೆ ನಾಣ್ಯ ಅಚ್ಚು ಹಾಕುವುದನ್ನೇ ನಿಲ್ಲಿಸಬೇಕಾಯಿತು. ರೂಪಾಯಿ ಇಳಿಯುವುದೆಂಬ ನಿರೀಕ್ಷೆ ಬಲವಾದಂತೆ ರೂಪಾಯಿ ಪತ್ರವನ್ನು ಕೊಳ್ಳುವವನು ಹೆಚ್ಚಿನ ಪ್ರತಿಫಲ ಕೇಳಿದ. ಈ ಎರಡರ ಅಂತರವನ್ನು ವರ್ಷವರ್ಷವೂ ಕೋಷ್ಟಕದಲ್ಲಿ ಇಳಿಸಿ ಫಿಷರ್ ತೋರಿಸಿದ್ದು ಇಷ್ಟು: ಬಡ್ಡಿ ಎಂದು ನಾವು ಕರೆಯುವುದರಲ್ಲಿ ಎರಡು ಪಾಲುಗಳಿವೆ. ಒಂದು ಪಾಲು, ಹಣವನ್ನು ಬಿಟ್ಟುಕೊಟ್ಟುದಕ್ಕೆ ನಿಜವಾದ ಪ್ರತಿಫಲ. ಇನ್ನೊಂದು ಪಾಲು, ಹಣದ ಬೆಲೆ ಕರಗುವುದಕ್ಕೆ ಪರಿಹಾರ. ಜನರ ಮುಂದಾಲೋಚನೆ ಅಪೂರ್ಣವಾದುದರಿಂದ ಆ ಪರಿಹಾರ ಸಾಮಾನ್ಯವಾಗಿ ತಡವಾಗಿಯೂ ಸಾಲದಾಗಿಯೂ ಬರುತ್ತದೆ ಎಂಬುದನ್ನು ಕೂಡ ಅವರು ಅದೇ ಕೋಷ್ಟಕಗಳಿಂದ ಕಂಡುಕೊಂಡರು.

ನಮ್ಮ ದತ್ತಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಬ್ಯಾಂಕು ನೂರಕ್ಕೆ ಒಂಬತ್ತರಂತೆ ಬಡ್ಡಿ ಕೊಡುತ್ತದೆ, ಬೆಲೆಗಳು ನೂರಕ್ಕೆ ಆರರಂತೆ ಏರುತ್ತವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆ ಒಂಬತ್ತು ರೂಪಾಯಿಯಲ್ಲಿ ಆರು ರೂಪಾಯಿ ಬಡ್ಡಿಯೇ ಅಲ್ಲ. ಮೂಲಧನವು ಬಡ್ಡಿಯ ವೇಷದಲ್ಲಿ ಮನೆಗೆ ಮರಳಿ ಬಂದಿರುವುದು ಮಾತ್ರ. ಅದನ್ನು ಮೂಲಕ್ಕೆ ಸೇರಿಸದೆ ಬಹುಮಾನಕ್ಕೆ ಖರ್ಚು ಮಾಡಿದರೆ ನಾವು ಬಿತ್ತನೆಯ ಜೋಳವನ್ನು ಬೀಸಿ ರೊಟ್ಟಿ ತಟ್ಟಿದಂತೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಏಳರಂತೆ ಏರಿದರೆ ಹತ್ತು ವರ್ಷಕ್ಕೊಮ್ಮೆ ಸುಮಾರು ಇಮ್ಮಡಿಯಾಗಿ, ಐವತ್ತು ವರ್ಷದಲ್ಲಿ 29 ಪಟ್ಟು ಮೀರುತ್ತವೆ. ಅಂದು ಇಟ್ಟ 1000 ರೂಪಾಯಿ ಇಂದೂ 1000 ರೂಪಾಯಿಯೇ. ಆದರೆ ಅದು ಕೊಳ್ಳುವುದು ಅಂದಿನ 34 ರೂಪಾಯಿಯ ಪದಾರ್ಥವನ್ನು. ದಾನಿಯು ಕೊಟ್ಟದ್ದು ರೂಪಾಯಿಯನ್ನಲ್ಲ, ಪುಸ್ತಕ ಬಟ್ಟೆಗಳನ್ನು. ನಾವು ಜೋಪಾನ ಮಾಡಿದ್ದು ರೂಪಾಯಿಯನ್ನು.

ಈ ಭ್ರಮೆಗೆ ಫಿಷರ್ 'ಹಣದ ಭ್ರಾಂತಿ' ಎಂದು ಹೆಸರಿಟ್ಟು 1928ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೊದಲನೆಯ ಮಹಾಯುದ್ಧದ ನಂತರ ಜರ್ಮನಿಯ ಮಾರ್ಕು ಕುಸಿಯುತ್ತಿದ್ದಾಗ ಅವರು ಆ ದೇಶಕ್ಕೆ ಹೋಗಿ ಸಾಮಾನ್ಯ ಜನರನ್ನು ಮಾತನಾಡಿಸಿದರು. ಪದಾರ್ಥಗಳ ಬೆಲೆ ಏರಿದೆ ಎಂದವರೇ ಬಹಳ. ತಮ್ಮ ಮಾರ್ಕು ಇಳಿದಿದೆ ಎಂದು ಅವರಿಗೆ ಹೊಳೆದಿರಲಿಲ್ಲ. ಅಂಗಿ ಮಾರುವ ಒಬ್ಬ ಅಂಗಡಿಯಾಕೆ, ತಾನು ಹಿಂದೆ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿ ಲಾಭ ಮಾಡಿಕೊಂಡೆನೆಂದು ನಂಬಿದ್ದಳಂತೆ. ಅದೇ ಅಂಗಿಯನ್ನು ಮರಳಿ ತರಿಸಿ ಅಂಗಡಿಗೆ ತುಂಬಲು ಆ ಹಣ ಸಾಲದೆಂಬುದು ಆಕೆಯ ಲೆಕ್ಕದಲ್ಲಿಯೇ ಇರಲಿಲ್ಲ. ದತ್ತಿಗಳ ವಿಷಯದಲ್ಲಿ ನಾವೆಲ್ಲರೂ ಸ್ವಲ್ಪ ಮಟ್ಟಿಗೆ ಆ ಅಂಗಡಿಯಾಕೆಯ ನೆಂಟರೇ.

ಹಣ ಎಷ್ಟು ಕರಗಿತು ಎಂದು ಹೇಳಬೇಕಾದರೆ ಅಳತೆಗೋಲು ಬೇಕು. ಅದಕ್ಕೆ ಸೂಚ್ಯಂಕ ಎಂದು ಹೆಸರು. ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ವಸ್ತು ಎಷ್ಟು ತೊಡಕಿನದು ಎಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ಇದು ಪಾಠಕ್ಕಾಗಿ ಕಲ್ಪಿಸಿದ ಲೆಕ್ಕ. ಯಾವ ಊರಿನ ಸಂತೆಯ ಧಾರಣೆಯೂ ಅಲ್ಲ. ಒಂದು ಸಂಸಾರ ಮೊದಲ ವರ್ಷ 2 ರೂಪಾಯಿಯಂತೆ 10 ಅಳತೆ ಜೋಳವನ್ನೂ 4 ರೂಪಾಯಿಯಂತೆ 5 ಗಜ ಬಟ್ಟೆಯನ್ನೂ ಕೊಂಡಿತು; ಒಟ್ಟು ಖರ್ಚು 40 ರೂಪಾಯಿ. ಮುಂದೊಂದು ವರ್ಷ ಜೋಳ 4 ರೂಪಾಯಿಗೂ ಬಟ್ಟೆ 5 ರೂಪಾಯಿಗೂ ಏರಿತು. ಸಂಸಾರವು ಜೋಳವನ್ನು 8 ಅಳತೆಗೆ ಇಳಿಸಿ ಬಟ್ಟೆಯನ್ನು 8 ಗಜಕ್ಕೆ ಏರಿಸಿತು. ಬೆಲೆ ಎಷ್ಟು ಏರಿದಂತಾಯಿತು? ಹಳೆಯ ಬುಟ್ಟಿಯನ್ನೇ ಹೊಸ ಬೆಲೆಗೆ ಕೊಂಡರೆ 65 ರೂಪಾಯಿ. ಎಂದರೆ ನೂರಕ್ಕೆ 162.5. ಹೊಸ ಬುಟ್ಟಿಯನ್ನು ಹಿಡಿದರೆ ಇಂದು 72 ರೂಪಾಯಿ, ಹಳೆಯ ಬೆಲೆಯಲ್ಲಿ ಅದೇ ಬುಟ್ಟಿ 48 ರೂಪಾಯಿ. ಎಂದರೆ ನೂರಕ್ಕೆ 150. ಮೊದಲನೆಯದು ಲಾಸ್ಪೇರ್ಸ್ ಎಂಬ ಪಂಡಿತನ ಸೂತ್ರ, ಎರಡನೆಯದು ಪಾಷೆ ಎಂಬವನದು. ಎರಡೂ ಸುಳ್ಳಲ್ಲ, ಎರಡೂ ಒಂದಲ್ಲ.

ಫಿಷರ್ ಇಂಥ ಸೂತ್ರಗಳನ್ನೆಲ್ಲ ಸಾಕ್ಷಿಕಟ್ಟೆಗೆ ಎಳೆದರು. 1922ರಲ್ಲಿ ಪ್ರಕಟವಾದ ಸೂಚ್ಯಂಕಗಳ ರಚನೆಯ ಕುರಿತ ಗ್ರಂಥದಲ್ಲಿ, 1913ರಿಂದ 1918ರವರೆಗಿನ 36 ಪದಾರ್ಥಗಳ ಬೆಲೆ ಮತ್ತು ಪ್ರಮಾಣಗಳನ್ನು ತೆಗೆದುಕೊಂಡು 134 ಸೂತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೈಲೆಕ್ಕದ ಕಾಲದಲ್ಲಿ ಇದು ಎಂಥ ಕೆಲಸವೆಂಬುದನ್ನು ಊಹಿಸಿಕೊಳ್ಳಬೇಕು. ಅವರ ಪರೀಕ್ಷೆಗಳಲ್ಲಿ ಒಂದು ಹೀಗಿದೆ: ಹಿಂದಿನಿಂದ ಮುಂದಕ್ಕೆ ಅಳೆದು, ಮತ್ತೆ ಅದೇ ಸೂತ್ರದಿಂದ ಮುಂದಿನಿಂದ ಹಿಂದಕ್ಕೆ ಅಳೆದರೆ ಹೊರಟಲ್ಲಿಗೇ ಬಂದು ಸೇರಬೇಕು. ಧಾರವಾಡದಿಂದ ಬೆಳಗಾವಿಗೆ ಇರುವ ದಾರಿಯೂ ಬೆಳಗಾವಿಯಿಂದ ಧಾರವಾಡಕ್ಕೆ ಇರುವ ದಾರಿಯೂ ಒಂದೇ ಆಗಿರಬೇಕಲ್ಲವೇ? ಮೇಲಿನ ಲೆಕ್ಕದಲ್ಲಿ ಮೊದಲ ಸೂತ್ರ ಮುಂದಕ್ಕೆ 1.625 ಕೊಡುತ್ತದೆ, ಹಿಂದಕ್ಕೆ 72ರಲ್ಲಿ 48, ಎಂದರೆ 0.667 ಕೊಡುತ್ತದೆ. ಎರಡನ್ನೂ ಗುಣಿಸಿದರೆ 1 ಬರಬೇಕಾದಲ್ಲಿ 1.083 ಬರುತ್ತದೆ. ಎಲ್ಲಿಯೂ ಇಲ್ಲದ ನೂರಕ್ಕೆ ಎಂಟರಷ್ಟು ಏರಿಕೆಯನ್ನು ಸೂತ್ರವೇ ಹೆತ್ತಿದೆ. ಎರಡೂ ಸೂತ್ರಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 156.1 ಬರುತ್ತದೆ, ಇದು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಫಿಷರ್ ಇದನ್ನು 'ಆದರ್ಶ ಸೂಚ್ಯಂಕ' ಎಂದು ಕರೆದರು. ಪ್ರೌಢಶಾಲೆಯ ಗಣಿತದ ಅಧ್ಯಾಪಕರು ಹತ್ತನೆಯ ತರಗತಿಯಲ್ಲಿ ಇದನ್ನು ಒಂದು ಅವಧಿಯ ಪಾಠವನ್ನಾಗಿ ಮಾಡಬಹುದು. ಮಕ್ಕಳು ತಮ್ಮ ಮನೆಯ ಕಿರಾಣಿ ಚೀಟಿಯನ್ನೇ ತಂದರೆ ಇನ್ನೂ ಉತ್ತಮ.

ಇನ್ನು ಚೀಟಿಯ ಪೆಟ್ಟಿಗೆಯ ಕಥೆ. ಫಿಷರ್ ಅವರು 1898ರಲ್ಲಿ ತಾವೇ ಕ್ಷಯರೋಗಕ್ಕೆ ತುತ್ತಾಗಿ ಮೂರು ವರ್ಷ ಅಧ್ಯಾಪನ ಬಿಟ್ಟಿರಬೇಕಾಯಿತು. ಚೇತರಿಸಿಕೊಂಡ ಮೇಲೆ ಆರೋಗ್ಯ, ಮಿತಾಹಾರ, ಪಾನನಿರೋಧ, ಲೋಕಶಾಂತಿ ಎಂದು ಹತ್ತಾರು ಕಾರ್ಯಗಳನ್ನು ಮೈಮೇಲೆ ಹಾಕಿಕೊಂಡರು. ಮದ್ಯವನ್ನೂ ತಂಬಾಕನ್ನೂ ಮುಟ್ಟದೆ, ಮಾಂಸವನ್ನು ತೀರ ಕಡಿಮೆ ಮಾಡಿ, ಗಾಳಿಬೆಳಕಿನಲ್ಲಿ ಮಲಗುವ ನೇಮದವರಾದರು. ಕಾಗದಪತ್ರಗಳ ರಾಶಿ ಬೆಳೆಯಿತು. ಸಾಮಾನ್ಯ ಚೀಟಿಪೆಟ್ಟಿಗೆಯಲ್ಲಿ ಚೀಟಿಗಳು ಒಂದರ ಹಿಂದೊಂದು ಅಡಗಿ ನಿಲ್ಲುವುದರಿಂದ ಬೇಕಾದುದನ್ನು ಬೆರಳಿನಿಂದ ತಡಕಿ ಹುಡುಕಬೇಕು. ಫಿಷರ್ ಪ್ರತಿ ಚೀಟಿಯ ಒಂದು ಅಂಚು ಸದಾ ಹೊರಗೆ ಕಾಣುವಂತೆ ಜೋಡಿಸುವ ಒಂದು ಉಪಾಯವನ್ನು ಕಂಡುಹಿಡಿದರು. ತಲೆಬರಹಗಳೆಲ್ಲ ಒಂದೇ ನೋಟಕ್ಕೆ ಕಣ್ಣಿಗೆ ಬೀಳುತ್ತವೆ; ಹೊಸ ಚೀಟಿಯನ್ನು ನಡುವೆ ಸೇರಿಸಬಹುದು, ಹಳೆಯದನ್ನು ಕೀಳಬಹುದು, ಕ್ರಮ ಕೆಡುವುದಿಲ್ಲ. ಇದಕ್ಕೆ ಹಕ್ಕುಪತ್ರ ಪಡೆದು, ಪತ್ನಿಯ ಮನೆತನದ ಹಣದ ನೆರವಿನಿಂದ 1910ರ ದಶಕದಲ್ಲಿ ಒಂದು ಕಾರಖಾನೆಯನ್ನೂ ತೆರೆದರು. 1925ರಲ್ಲಿ ಅದು ರ‍್ಯಾಂಡ್ ಕಾರ್ಡೆಕ್ಸ್ ಎಂಬ ದೊಡ್ಡ ಸಂಸ್ಥೆಯಲ್ಲಿ ವಿಲೀನವಾಯಿತು. ಅದು ಮುಂದೆ 1927ರಲ್ಲಿ ರೆಮಿಂಗ್ಟನ್ ರ‍್ಯಾಂಡ್ ಎನಿಸಿತು. ಪ್ರಾಧ್ಯಾಪಕರು ಲಕ್ಷಾಧೀಶರಾದರು.

ಆ ಹಣ ಎಲ್ಲಿಗೆ ಹೋಯಿತೆಂದರೆ, ಸಂಶೋಧನೆಗೆ. ನ್ಯೂ ಹೇವನ್ ನಗರದ ತಮ್ಮ ಮನೆಯನ್ನೇ ಕಚೇರಿಯನ್ನಾಗಿ ಮಾಡಿ, ಗುಮಾಸ್ತರನ್ನು ನೇಮಿಸಿ, 1923ರಿಂದ ವಾರವಾರವೂ ಸಗಟು ಬೆಲೆಗಳ ಸೂಚ್ಯಂಕವನ್ನು ಲೆಕ್ಕಹಾಕಿಸಿ ಪತ್ರಿಕೆಗಳಿಗೆ ಕಳುಹಿಸಿದರು. ಹಣದ ಬೆಲೆ ಹೇಗೆ ಕುಣಿಯುತ್ತಿದೆ ಎಂಬುದು ಧಾರಣೆಯ ಪಟ್ಟಿಯಷ್ಟೇ ಸಹಜವಾಗಿ ಜನರ ಕಣ್ಣಿಗೆ ಬೀಳಲಿ ಎಂಬುದು ಅವರ ಆಸೆ. 1925ರಲ್ಲಿ ರ‍್ಯಾಂಡ್ ಕಾರ್ಡೆಕ್ಸ್ ಸಂಸ್ಥೆಯು ಫಿಷರ್ ಅವರ ಸಲಹೆಯಂತೆ ಒಂದು ವಿಚಿತ್ರ ಸಾಲಪತ್ರವನ್ನು ಹೊರಡಿಸಿತು. ಬೆಲೆಗಳ ಸೂಚ್ಯಂಕ ಏರಿಳಿದಂತೆ ಅದರ ಪಾವತಿಯೂ ಏರಿಳಿಯತಕ್ಕದ್ದು. ಸಂಶೋಧಕನ ಸೂತ್ರ, ಚೀಟಿಪೆಟ್ಟಿಗೆಯ ಸಂಸ್ಥೆ, ಅಧ್ಯಾಪಕನ ನ್ಯಾಯಬುದ್ಧಿ ಈ ಮೂರೂ ಒಂದೇ ಕಾಗದದ ಮೇಲೆ ಕೂಡಿದ ಕ್ಷಣ ಅದು. ಇಂದು ನಮ್ಮ ಅಧ್ಯಾಪಕರಿಗೆ ದೊರೆಯುವ ತುಟ್ಟಿಭತ್ಯೆಯ ಹಿಂದೆ ಇರುವುದೂ ಇದೇ ತತ್ತ್ವ. ಶಿಮ್ಲಾದ ಕಾರ್ಮಿಕ ದಪ್ತರವು 2016ನ್ನು ಮೂಲವರ್ಷವಾಗಿ ಹಿಡಿದು ಪ್ರಕಟಿಸುತ್ತಿರುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೇ ಕೇಂದ್ರ ಸರಕಾರದ ತುಟ್ಟಿಭತ್ಯೆಯ ಲೆಕ್ಕಕ್ಕೆ ಆಧಾರ. ಸಂಬಳಕ್ಕೆ ಬಂದ ಈ ನ್ಯಾಯ ದತ್ತಿಗೆ ಬಂದಿಲ್ಲವೆಂಬುದೇ ನಮ್ಮ ಕೊರಗು.

ಚೀಟಿಯಿಂದ ಗಣಕಯಂತ್ರಕ್ಕೆ ದಾರಿ ಬಹಳ ದೂರವಿರಲಿಲ್ಲ. ಅಮೆರಿಕದ 1890ರ ಜನಗಣತಿಯಲ್ಲಿಯೇ ಹಾಲರಿತ್ ಎಂಬ ಇಂಜಿನಿಯರರ ತೂತು ಹೊಡೆದ ಚೀಟಿಗಳು ಬಳಕೆಗೆ ಬಂದಿದ್ದವು. ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆ 1950ರಲ್ಲಿ ಎಕರ್ಟ್ ಮತ್ತು ಮಾಕ್ಲಿ ಅವರ ಗಣಕಯಂತ್ರದ ಕಾರಖಾನೆಯನ್ನು ಕೊಂಡುಕೊಂಡಿತು. ಮರುವರ್ಷ ಅವರ ಯುನಿವ್ಯಾಕ್ ಯಂತ್ರ ಅಮೆರಿಕದ ಜನಗಣತಿ ಇಲಾಖೆಯನ್ನು ಸೇರಿತು. 1970ರಲ್ಲಿ ಐಬಿಎಂ ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್ ಎಂಬವರು, ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿಡಬೇಕು, ಪ್ರತಿ ಸಾಲಿಗೂ ಅದನ್ನು ಗುರುತಿಸುವ ಒಂದು ಕೀಲಿ ಇರಬೇಕು, ಎರಡು ಕೋಷ್ಟಕಗಳಿಗೆ ಸಮಾನವಾದ ಒಂದು ಅಂಕಣವಿದ್ದರೆ ಅವನ್ನು ಬೆಸೆಯಬಹುದು ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ಇಂದಿನ ದತ್ತಾಂಶಕೋಶಗಳಲ್ಲಿ ಬಹುಪಾಲು ಈ ತಳಹದಿಯ ಮೇಲೆಯೇ ನಿಂತಿವೆ.

ಇದರ ಮರ್ಮವನ್ನು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಶಾಲೆಯ ಕಚೇರಿಯಲ್ಲಿ ಎರಡು ವಹಿಗಳಿವೆ ಎಂದು ಭಾವಿಸಿ. ಒಂದರಲ್ಲಿ ದತ್ತಿಗಳು: ಕ್ರಮಸಂಖ್ಯೆ, ಉದ್ದೇಶ, ಮೊತ್ತ, ಕೊಟ್ಟ ವರ್ಷ. ಇನ್ನೊಂದರಲ್ಲಿ ಬೆಲೆ ಸೂಚ್ಯಂಕ: ವರ್ಷ, ಅಂಕ. ಎರಡಕ್ಕೂ ಸಮಾನವಾದುದು ವರ್ಷವೆಂಬ ಅಂಕಣ. ಆ ಅಂಕಣದಲ್ಲಿ ಎರಡನ್ನೂ ಬೆಸೆದು, ಮೊತ್ತವನ್ನು ಇಂದಿನ ಅಂಕದಿಂದ ಗುಣಿಸಿ ಅಂದಿನ ಅಂಕದಿಂದ ಭಾಗಿಸಿದರೆ, ದಾನಿಯು ಕೊಟ್ಟ ಪದಾರ್ಥದ ಬೆಲೆ ಇಂದು ಎಷ್ಟು ಎಂಬುದು ತಿಳಿಯುತ್ತದೆ. ಮೂಲವರ್ಷ ಬದಲಾದಾಗಲೆಲ್ಲ ಹಳೆಯ ಅಂಕಗಳನ್ನು ಹೊಸ ಸರಣಿಗೆ ಜೋಡಿಸುವ ಗುಣಕವನ್ನು ಮರೆಯಕೂಡದು. ಇಲ್ಲವಾದರೆ ಯಂತ್ರವು ತಪ್ಪು ಉತ್ತರವನ್ನು ಬಹು ಶೀಘ್ರವಾಗಿ ಕೊಡುತ್ತದೆ. ಪ್ರಶ್ನೆ ಕೇಳುವುದು ಸಂಶೋಧಕನ ಕೆಲಸ, ಬೆಸೆಯುವುದು ಕ್ರಮವಿಧಿ ಬರೆಯುವವನ ಕೆಲಸ, ಉತ್ತರ ಯಾರ ಬದುಕಿಗೆ ತಗಲುತ್ತದೆ ಎಂಬುದನ್ನು ತಿಳಿಸಿ ಹೇಳುವುದು ಅಧ್ಯಾಪಕನ ಕೆಲಸ. ಮೂವರೂ ಬೇರೆಬೇರೆಯಾದಾಗ, ಪ್ರಶ್ನೆ ಕೇಳಿದವನಿಗೆ ವಹಿಯ ದೋಷ ಗೊತ್ತಿರುವುದಿಲ್ಲ. ವಹಿ ಬಲ್ಲವನಿಗೆ ಪ್ರಶ್ನೆ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಬಲ್ಲ ಫಿಷರ್ ಸ್ವತಃ ಮುಗ್ಗರಿಸಿದರು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. 1929ರ ಅಕ್ಟೋಬರ್ ನಡುವಿನಲ್ಲಿ, ಷೇರುಗಳ ಬೆಲೆ ಇನ್ನು ಇಳಿಯದಂಥ ಎತ್ತರದ ಪ್ರಸ್ಥಭೂಮಿಯನ್ನು ಮುಟ್ಟಿದೆ ಎಂಬರ್ಥದ ಮಾತನ್ನು ಅವರು ಸಭೆಯೊಂದರಲ್ಲಿ ಆಡಿದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಮಾರುಕಟ್ಟೆ ಕುಸಿಯಿತು. ಅವರು ಕೇವಲ ಮಾತನಾಡಿರಲಿಲ್ಲ. ಸಾಲ ಮಾಡಿ ರೆಮಿಂಗ್ಟನ್ ರ‍್ಯಾಂಡ್ ಷೇರುಗಳನ್ನು ಕೊಂಡಿದ್ದರು. ಸಂಪತ್ತೆಲ್ಲ ಹೋಯಿತು. ಪತ್ನಿಯ ಅಕ್ಕನಿಂದ ಸಾಲ ಪಡೆದು ದಿನ ನೂಕಬೇಕಾಯಿತು. ಮನೆಯನ್ನು ಯೇಲ್ ವಿಶ್ವವಿದ್ಯಾನಿಲಯವೇ ಕೊಂಡು ಅವರನ್ನು ಅಲ್ಲಿಯೇ ಬಾಡಿಗೆಗೆ ಇರಿಸಿತು. ಅಂಕಿಗಳ ಪೆಟ್ಟಿಗೆ ಮನೆಯಲ್ಲಿಯೇ ಇದ್ದವರಿಗೆ ಹೀಗೇಕಾಯಿತು? ಪೆಟ್ಟಿಗೆಯಲ್ಲಿ ಪದಾರ್ಥಗಳ ಬೆಲೆಯ ಚೀಟಿಗಳಿದ್ದವು. ಆ ಬೆಲೆಗಳು 1920ರ ದಶಕದ ಕೊನೆಯಲ್ಲಿ ಹೆಚ್ಚು ಅಲುಗಿರಲಿಲ್ಲ. ಬೆಲೆ ಸ್ಥಿರವಾಗಿದ್ದರೆ ಎಲ್ಲವೂ ಕ್ಷೇಮವೆಂದು ಅವರು ನಂಬಿದರು. ಯಾರು ಯಾರಿಗೆ ಎಷ್ಟು ಸಾಲ ಕೊಡಬೇಕು ಎಂಬುದು ಆ ಲೆಕ್ಕದಲ್ಲಿ ಮುಖ್ಯಸ್ಥಾನ ಪಡೆದಿರಲಿಲ್ಲ.

ಅದನ್ನು ಅವರು 1933ರಲ್ಲಿ ಬರೆದರು. ಎಲ್ಲರೂ ಸಾಲದಲ್ಲಿ ಮುಳುಗಿರುವಾಗ ಒಮ್ಮೆಲೇ ತೀರಿಸಲು ಹೊರಟರೆ, ಇದ್ದದ್ದನ್ನು ಸಿಕ್ಕ ಬೆಲೆಗೆ ಮಾರುತ್ತಾರೆ, ಬ್ಯಾಂಕಿನ ಸಾಲ ತೀರಿದಂತೆ ಚಲಾವಣೆಯ ಹಣವೂ ಕುಗ್ಗುತ್ತದೆ, ಬೆಲೆಗಳು ಬೀಳುತ್ತವೆ, ಬೆಲೆ ಬಿದ್ದಷ್ಟೂ ಉಳಿದ ಸಾಲದ ನಿಜಭಾರ ಏರುತ್ತದೆ. ಹೀಗೆ ತೀರಿಸಿದಷ್ಟೂ ಸಾಲ ಬೆಳೆಯುವ ವಿಪರೀತ. ಜೋಳದ ಬೆಲೆ ಅರ್ಧಕ್ಕಿಳಿದ ವರ್ಷ ಸಾಹುಕಾರನ ನೂರು ರೂಪಾಯಿಯನ್ನು ತೀರಿಸಲು ಎರಡರಷ್ಟು ಚೀಲ ಜೋಳ ಹೊತ್ತ ರೈತನ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಕಟವಾದಾಗ ಈ ಲೇಖನವನ್ನು ಕೇಳುವವರು ಕಡಿಮೆಯಿದ್ದರು; ಮಾತು ತಪ್ಪಿದ ಜ್ಯೋತಿಷಿಯನ್ನು ಯಾರು ಮನ್ನಿಸುತ್ತಾರೆ? ಹೈಮನ್ ಮಿನ್ಸ್ಕಿ ಅವರಂಥ ಅರ್ಥಶಾಸ್ತ್ರಜ್ಞರು ಮುಂದೆ ಅದನ್ನು ಎತ್ತಿಹಿಡಿದರು. 2008ರ ಆರ್ಥಿಕ ಮುಗ್ಗಟ್ಟಿನ ನಂತರವಂತೂ ಅದು ಎಲ್ಲರ ಮೇಜಿನ ಮೇಲೆ ಬಂದಿತು. ಫಿಷರ್ ಬರೆದುದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಅವರು ಸೋತ ಮೇಲೆ ಬರೆದುದೇ ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನೆರಡು ಮಾತುಗಳನ್ನು ಹೇಳಲೇಬೇಕು. ಎಲ್ಲವನ್ನೂ ಅಳೆಯುವ ಹಂಬಲ ಅವರನ್ನು ಮನುಷ್ಯರ ಹುಟ್ಟನ್ನೇ ಅಳೆಯುವಲ್ಲಿಗೆ ಒಯ್ದಿತು. ಉತ್ತಮ ಸಂತಾನ, ಅಧಮ ಸಂತಾನ ಎಂದು ಜನರನ್ನು ವಿಂಗಡಿಸುವ ಸುಸಂತಾನವಾದದ ಚಳವಳಿಯಲ್ಲಿ ಅವರು ಮುಂದಾಳಾಗಿದ್ದರು. ಹುಟ್ಟಿನಿಂದ ಮೇಲುಕೀಳನ್ನು ಎಣಿಸಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರಿಂದ ಕೇಳಿದ ನಾಡಿನವರು ಇದನ್ನು ಒಪ್ಪಲಾರೆವು. ಕಾಲಧರ್ಮವೆಂದು ಕ್ಷಮಿಸಿ ಮುಂದೆ ಸಾಗಲೂ ಮನಸ್ಸಾಗುವುದಿಲ್ಲ. ಯಾವುದನ್ನು ಕೋಷ್ಟಕದ ಅಂಕಣವನ್ನಾಗಿ ಮಾಡಬೇಕು, ಯಾವುದನ್ನು ಮಾಡಬಾರದು ಎಂಬ ವಿವೇಕ ಸೂತ್ರದಿಂದ ಬರುವುದಿಲ್ಲ. ಎರಡನೆಯದು, ಅವರು 1935ರವರೆಗೂ ಯೇಲ್‌ನಲ್ಲಿದ್ದರೂ ತಮ್ಮದೇ ಆದ ಶಿಷ್ಯ ಪರಂಪರೆಯನ್ನು ಬಿಡಲಿಲ್ಲ. ಕಾರಖಾನೆ, ಸಂಘ, ಭಾಷಣಗಳ ನಡುವೆ ತರಗತಿಗೆ ಉಳಿದದ್ದು ಕಡಿಮೆ. ಅದೇ ವಿಶ್ವವಿದ್ಯಾನಿಲಯದ ಜೇಮ್ಸ್ ಟೋಬಿನ್ ಅವರಂಥವರು ಅವರ ಗ್ರಂಥಗಳ ಹಿರಿಮೆಯನ್ನು ಸಾರಿದ್ದು ಬಹಳ ವರ್ಷಗಳ ಅನಂತರ. 1947ರಲ್ಲಿ ಫಿಷರ್ ನ್ಯೂಯಾರ್ಕಿನಲ್ಲಿ ನಿಧನ ಹೊಂದಿದರು. ತಮ್ಮ ಚೀಟಿಪೆಟ್ಟಿಗೆ ಸೇರಿದ ಸಂಸ್ಥೆ ಗಣಕಯಂತ್ರ ಮಾರಿದುದನ್ನು ಕಾಣಲಿಲ್ಲ.

ಈ ಅಭ್ಯಾಸದ ಫಲವಾಗಿ ನಮ್ಮ ದತ್ತಿಗಳ ವಿಷಯದಲ್ಲಿ ಎರಡು ಸೂಚನೆಗಳನ್ನು ಆಡಳಿತ ಮಂಡಲಿಯ ಮುಂದೆ ಇಡಬಯಸುತ್ತೇನೆ. ಬಡ್ಡಿಯಲ್ಲಿ ಬೆಲೆಯೇರಿಕೆಯಷ್ಟು ಪಾಲನ್ನು ಪ್ರತಿವರ್ಷ ಮೊದಲು ಮೂಲಧನಕ್ಕೆ ಸೇರಿಸಿ, ಮಿಕ್ಕುದನ್ನು ಮಾತ್ರ ಬಹುಮಾನಕ್ಕೆ ಕೊಡುವುದು. ಹಾಗೆ ಮಾಡಿದರೆ ಆರಂಭದ ವರ್ಷಗಳಲ್ಲಿ ಬಹುಮಾನ ಸಣ್ಣದಾಗುವುದು ನಿಜ, ದಾನಿಗಳಿಗೆ ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಂದೇ ಉದ್ದೇಶದ, ಈಗಾಗಲೇ ಕರಗಿಹೋಗಿರುವ ಸಣ್ಣ ದತ್ತಿಗಳನ್ನು ಕಾನೂನಿನ ಮಿತಿಯೊಳಗೆ ಕೂಡಿಸಿ, ಎಲ್ಲ ದಾನಿಗಳ ಹೆಸರನ್ನೂ ಉಳಿಸಿಕೊಂಡು, ಒಂದೇ ವಿದ್ಯಾರ್ಥಿವೇತನವನ್ನಾಗಿ ಕೊಡುವುದು.

ಇದಕ್ಕೆ ಮೊದಲು ದತ್ತಿಗಳ ವಹಿಯನ್ನು ಗಣಕಯಂತ್ರಕ್ಕೆ ಏರಿಸಬೇಕಾಗಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಆ ಕೆಲಸವನ್ನು ಸೇವಾರ್ಥವಾಗಿ ವಹಿಸಿಕೊಂಡು ಆರಂಭಿಸಿದ್ದಾರೆ. ಅವರಿಗೆ ಎದುರಾಗಿರುವ ಅಡ್ಡಿ ಯಂತ್ರದ್ದಲ್ಲ. ಹಳೆಯ ವಹಿಯಲ್ಲಿ ಹಲವು ದತ್ತಿಗಳ ಮುಂದೆ ದಾನಿಯ ಹೆಸರು, ಊರು, ಮೊತ್ತ ಎಲ್ಲವೂ ಇದ್ದು ಕೊಟ್ಟ ವರ್ಷ ಮಾತ್ರ ಬರೆದಿಲ್ಲ. ವರ್ಷವಿಲ್ಲದ ಸಾಲನ್ನು ಸೂಚ್ಯಂಕದ ವಹಿಯೊಡನೆ ಬೆಸೆಯಲಾಗದು. ಹಳೆಯ ರಸೀದಿ, ಆಮಂತ್ರಣ ಪತ್ರಿಕೆ, ಪಾರಿತೋಷಕದ ಮೇಲಿನ ಬರಹ ಯಾವುದರಲ್ಲಿಯೇ ಆಗಲಿ ಇಂಥ ವರ್ಷದ ಗುರುತನ್ನು ಉಳಿಸಿಕೊಂಡಿರುವ ಕುಟುಂಬದವರು ಅದರ ಪ್ರತಿಯನ್ನು ಶಾಲೆಯ ಕಚೇರಿಗೆ ತಲುಪಿಸಬೇಕಾಗಿ ಪ್ರಾರ್ಥನೆ.